ಸಂಪಾದಕರ ಉತ್ತರ: ಗಾಜು ತೊಳೆದವರು ಯಾರು?

ಮೈಸೂರಿನ ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರೊಬ್ಬರು ಬರೆದಿದ್ದಾರೆ: "ಪ್ರಯೋಗಾಲಯದ ಅವಘಡಗಳಿಗೆಲ್ಲ ವಿಶ್ವವಿದ್ಯಾಲಯವನ್ನೇ ದೂರುವುದು ನಿಮ್ಮ ಪತ್ರಿಕೆಗೆ ರೂಢಿಯಾಗಿದೆ. ಏಪ್ರನ್ ಹಾಕೆಂದರೆ ಹಾಕದ, ಮೊಬೈಲ್ ನೋಡುತ್ತಲೇ ಬರ್ನರ್ ಹೊತ್ತಿಸುವ ಹುಡುಗರಿಗೆ ಹೊಣೆಯಿಲ್ಲವೇ? ನನ್ನ 34 ವರ್ಷಗಳ ಸೇವೆಯಲ್ಲಿ ನಮ್ಮ ವಿಭಾಗದಲ್ಲಿ ಒಂದೂ ಅವಘಡ ನಡೆಯಲಿಲ್ಲ."

ಗುರುಗಳೇ, ನಿಮ್ಮ ಶಿಸ್ತಿಗೆ ನಮಸ್ಕಾರ. ವಿದ್ಯಾರ್ಥಿ ಎಚ್ಚರದಿಂದಿರಬೇಕು ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಬೀಗದ ಕೈಯೂ ಬಜೆಟ್ಟೂ ಯಾರ ಕೈಯಲ್ಲಿವೆಯೋ ಹೊಣೆಯೂ ಮೊದಲು ಅವರದೇ ಎಂಬುದು ನನ್ನ ಬಹುಕಾಲದ ನಂಬಿಕೆ.

2008ರ ಡಿಸೆಂಬರ್ 29ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬಳು, ಗಾಳಿ ಸೋಕಿದೊಡನೆ ಹೊತ್ತಿಕೊಳ್ಳುವ ಟರ್ಷಿಯರಿ ಬ್ಯುಟೈಲ್ ಲಿಥಿಯಮ್ಮನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ ಎಳೆಯುತ್ತಿದ್ದಾಗ ಅದರ ಒಳಗಿನ ಒತ್ತುದಂಡ ಕಳಚಿ, ಮೈಮೇಲಿದ್ದ ಸ್ವೆಟರಿಗೆ ಬೆಂಕಿ ಹತ್ತಿತು. 18 ದಿನಗಳ ನಂತರ ಅವಳು ತೀರಿಕೊಂಡಳು. ಅವಳು ಪ್ರಯೋಗಾಲಯದ ರಕ್ಷಣಾ ಕೋಟು ಹಾಕಿರಲಿಲ್ಲ. ನಿಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಸಿಗದು. ಆದರೆ ಆ ಪ್ರಯೋಗಾಲಯದವರು ಕೋಟಿಲ್ಲದೆ ಕೆಲಸ ಮಾಡುತ್ತಿದ್ದಾರೆಂದು ವಿಶ್ವವಿದ್ಯಾಲಯದ ತಪಾಸಕರೇ ಅಕ್ಟೋಬರಿನಲ್ಲಿ ಬರೆದಿಟ್ಟಿದ್ದರು! 2011ರಲ್ಲಿ ಪ್ರಾಧ್ಯಾಪಕರ ಮೇಲೂ ಆಡಳಿತ ಮಂಡಳಿಯ ಮೇಲೂ ಕ್ರಿಮಿನಲ್ ಮೊಕದ್ದಮೆ ದಾಖಲಾಯಿತು. ಮರುವರ್ಷ ಮಂಡಳಿ ತನ್ನ ಹೊಣೆ ಒಪ್ಪಿಕೊಂಡಿತು. ಕಾನೂನು ಅಷ್ಟು ದೂರ ಹೋದದ್ದು ಅವಳು ಸಂಬಳದ ನೌಕರಳಾಗಿದ್ದಳೆಂಬ ಕಾರಣಕ್ಕೆ. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಗೂ ಕಂಡದ್ದು ಕಾರ್ಮಿಕನೇ ಹೊರತು, ಅದೇ ಆಮ್ಲದ ಮುಂದೆ ನಿಂತ ವಿದ್ಯಾರ್ಥಿಯಲ್ಲ.

ದೆಹಲಿ ವಿಶ್ವವಿದ್ಯಾಲಯವು 1985ರಿಂದ ಬಳಸದೆ ಬಿಟ್ಟಿದ್ದ ಗಾಮಾ ಉಪಕರಣವನ್ನು 2010ರ ಫೆಬ್ರುವರಿಯಲ್ಲಿ ಗುಜರಿಯೆಂದು ಹರಾಜು ಹಾಕಿತು. ಅದರೊಳಗೆ ಅಪಾಯಕಾರಿ ವಿಕಿರಣ ಸೂಸುವ ಕೋಬಾಲ್ಟ್-60 ಉಳಿದಿತ್ತು. ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದ ಮೇಲೆ ಹಲವರು ಆಸ್ಪತ್ರೆ ಸೇರಿದರು, ಒಬ್ಬರು ಸತ್ತರು. ಅವರು ಯಾವ ಏಪ್ರನ್ ಹಾಕಿಕೊಳ್ಳಬೇಕಿತ್ತು, ಹೇಳಿ.

ನಾನು ಬಿ.ಎಸ್ಸಿ. ಓದಿದ ಕಾಲೇಜಿನಲ್ಲಿ ಪಿಪೆಟ್ಟೆಂಬ ಅಳತೆಯ ಗಾಜಿನ ಕೊಳವೆಗೆ ದ್ರಾವಣವನ್ನು ಬಾಯಿಂದಲೇ ಎಳೆಯುತ್ತಿದ್ದೆವು. ವಿಷದ ಹೊಗೆಯನ್ನು ಹೊರಹಾಕಬೇಕಾದ ಫ್ಯೂಮ್ ಹುಡ್ಡಿನ ಫ್ಯಾನು ಕೆಟ್ಟಿದ್ದರಿಂದ ಅದರೊಳಗೆ ಹಳೆಯ ಉತ್ತರ ಪತ್ರಿಕೆಗಳನ್ನು ಪೇರಿಸಿದ್ದರು. ಅಟೆಂಡರ್ ಒಬ್ಬರು ಬ್ಯೂರೆಟ್ಟೆಂಬ ಉದ್ದನೆಯ ಗಾಜಿನ ಕೊಳವೆಗಳನ್ನು ಬರಿಗೈಯಲ್ಲಿ ಕ್ರೋಮಿಕ್ ಆಮ್ಲ ಹಾಕಿ ತೊಳೆಯುತ್ತಿದ್ದರು. ಬೆರಳ ತುದಿಗಳು ಕಂದುಗಟ್ಟಿ ಬಿರಿದಿದ್ದವು, ಅನ್ನ ಕಲಸುವಾಗ ಉರಿಯುತ್ತದೆಂದು ಅವರು ಚಮಚದಲ್ಲಿ ಉಣ್ಣುತ್ತಿದ್ದರು. ತಪಾಸಣಾ ಸಮಿತಿ ಬರುವ ಮುನ್ನಾದಿನ ಅವರಿಗೆ ಹೊಸ ಕೈಗವಸು ಕೊಟ್ಟರು, ಸಮಿತಿಯ ಕಾರು ಗೇಟು ದಾಟಿದ ಮೇಲೆ ಎಣಿಸಿ ವಾಪಸು ಪಡೆದರು. ಆ ಬೆರಳುಗಳ ವಿಷಯ ಯಾವ ರಿಜಿಸ್ಟರಿಗೂ ಏರಲಿಲ್ಲ. ನಮ್ಮದೂ ಒಂದೂ ಅವಘಡ ನಡೆಯದ ವಿಭಾಗವೇ ಆಗಿತ್ತು, ಗುರುಗಳೇ.

ಕ್ಯಾಂಪಸ್ ಸುರಕ್ಷತೆಯೆಂದರೆ ನಮ್ಮ ಆಡಳಿತಗಾರರಿಗೆ ತಟ್ಟನೆ ಹೊಳೆಯುವುದು ಎತ್ತರದ ಕಾಂಪೌಂಡು, ಸಿ.ಸಿ. ಕ್ಯಾಮೆರಾ, ಸಂಜೆಯಾಗುತ್ತಲೇ ಬೀಗ ಬೀಳುವ ಹೆಣ್ಣುಮಕ್ಕಳ ಹಾಸ್ಟೆಲ್ಲು. ಅದೇ ಹಾಸ್ಟೆಲ್ಲಿನ ನೀರಿನ ಟ್ಯಾಂಕನ್ನು ಕಡೆಯ ಬಾರಿ ತೊಳೆಸಿದ್ದು ಯಾವಾಗ ಎಂದು ಕೇಳಿದರೆ ಗುಮಾಸ್ತರು ಮೇಲಧಿಕಾರಿಯ ಮುಖ ನೋಡುತ್ತಾರೆ. ಪ್ರವೇಶದ ದಿನ ಮಾತ್ರ, ಮತದಾನದ ವಯಸ್ಸೂ ಆಗದ ಮಕ್ಕಳಿಂದ "ಏನಾದರೂ ಆದಲ್ಲಿ ಸಂಸ್ಥೆ ಹೊಣೆಯಲ್ಲ" ಎಂಬ ಮುಚ್ಚಳಿಕೆಗೆ ಸಹಿ ಹಾಕಿಸಿಕೊಳ್ಳುವುದನ್ನು ಯಾರೂ ಮರೆಯುವುದಿಲ್ಲ.

ನಿಮ್ಮ 34 ವರ್ಷಗಳಲ್ಲಿ ಗಾಜಿನ ಸಾಮಾನು ತೊಳೆದವರು ಈಗ ಎಲ್ಲಿದ್ದಾರೆಂದು ವಿಚಾರಿಸಿ, ಸಾಧ್ಯವಾದರೆ ಅವರನ್ನು ಕಂಡು ಮಾತನಾಡಿ ಬರೆಯಿರಿ. ಆ ಪತ್ರವನ್ನು ಒಂದಕ್ಷರವೂ ಕತ್ತರಿಸದೆ ಪ್ರಕಟಿಸುತ್ತೇನೆ.