ಐರ್ಲೆಂಡಿಗೆ ನರ್ಸ್ ಆಗಿ ಬರುತ್ತಿರುವ ದಾವಣಗೆರೆಯ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ನರ್ಸಿಂಗ್ ಮುಗಿಸಿದ್ದೀಯ, ಐರ್ಲೆಂಡಿನ ಆಸ್ಪತ್ರೆಯಿಂದ ಆಫರ್ ಬಂದಿದೆ. ಅಲ್ಲೀಗ ಗರ್ಭಪಾತಕ್ಕೆ ಕಾನೂನು ಇದೆಯಂತೆ, ಕ್ಯಾಥೊಲಿಕ್ ಆದ ನನ್ನನ್ನು ಅದಕ್ಕೆ ಬಲವಂತ ಮಾಡುತ್ತಾರಾ ಅಂತ ಕೇಳಿದ್ದೀಯ. ಚರ್ಚುಗಳೇ ಒಂದೊಂದು ಥರ ಹೇಳುತ್ತವೆ, ಯಾರ ಮಾತು ಕೇಳಲಿ, ದಯಾಮರಣವೂ ಇದೆಯಾ, ಬಾಡಿಗೆ ಎಷ್ಟು, ಚಳಿ ಹೇಗೆ ಅಂತಲೂ ಕೇಳಿದ್ದೀಯ.

ಬಾಡಿಗೆ ಜಾಸ್ತಿ, ತುಂಬಾ ಜಾಸ್ತಿ. ಮೊದಲ ವರ್ಷ ಮೂರ್ನಾಲ್ಕು ಹುಡುಗಿಯರು ಸೇರಿ ಮನೆ ಹಿಡಿಯಿರಿ. ಚಳಿಗಿಂತ ಮಳೆಗಾಳಿ ಕಷ್ಟ. ಸ್ವೆಟರ್ ಅಲ್ಲಿಂದ ಹೊರಬೇಡ, ಇಲ್ಲೇ ಸಿಗುತ್ತದೆ. ಅಮ್ಮನ ಕೈಯ ಶೇಂಗಾ ಚಟ್ನಿಪುಡಿ ತಗೊಂಡು ಬಾ. ಮಂಡಕ್ಕಿ ಇಲ್ಲಿನ ಇಂಡಿಯನ್ ಅಂಗಡಿಯಲ್ಲೂ ಸಿಗುತ್ತದೆ, ಆದರೆ ನಮ್ಮೂರಲ್ಲಿ ಸಂಜೆ ಬಿಸಿ ಮೆಣಸಿನಕಾಯಿ ಜೊತೆ ತಿಂದವಳಿಗೆ ಅದು ಮಂಡಕ್ಕಿ ಅನ್ನಿಸುವುದಿಲ್ಲ.

ಇನ್ನು ದೊಡ್ಡ ಪ್ರಶ್ನೆ. ನಾನು ಇಲ್ಲಿಗೆ ಬಂದದ್ದು 2012ರಲ್ಲಿ. ಕೆಲಸಕ್ಕೆ ಸೇರಿ ಸ್ವಲ್ಪ ದಿನಕ್ಕೇ ಗಾಲ್ವೇಯಲ್ಲಿ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ತೀರಿಕೊಂಡರು. ಅಕ್ಟೋಬರ್ 28. ಡೆಂಟಿಸ್ಟ್, 31 ವರ್ಷ. 17 ವಾರದ ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾಗಿತ್ತು. ತೆಗೆದುಬಿಡಿ ಅಂತ ಅವರೇ ಕೇಳಿದ್ದರು. ಮಗುವಿನ ಎದೆಬಡಿತ ಇನ್ನೂ ಇದೆ ಅಂತ ತೆಗೆಯಲಿಲ್ಲ. ನಂಜು ಮೈಗೆಲ್ಲ ಏರಿತು. ಆಗ ಇಲ್ಲಿ ತಾಯಿಯ ಜೀವಕ್ಕೇ ಅಪಾಯ ಇದ್ದರೆ ಮಾತ್ರ ಗರ್ಭಪಾತ, ಆ ಅಪಾಯ ಯಾವ ಘಳಿಗೆಗೆ ಶುರುವಾಗುತ್ತದೆ ಅಂತ ಬರೆದಿಟ್ಟವರು ಯಾರೂ ಇರಲಿಲ್ಲ. 'ಇದು ಕ್ಯಾಥೊಲಿಕ್ ದೇಶ' ಅಂತ ಅವರಿಗೆ ಹೇಳಿದ್ದು ನಿಜ ಅಂತ ಮಿಡ್‌ವೈಫ್ ಒಬ್ಬರು ವಿಚಾರಣೆಯಲ್ಲಿ ಒಪ್ಪಿಕೊಂಡರು.

ವಾರ್ಡಿನಲ್ಲಿ ಒಬ್ಬ ಅಜ್ಜಿ ನನ್ನ ಹೆಸರಿನ ಬ್ಯಾಡ್ಜ್ ಹಿಡಿದು ನೋಡಿ, ಆ ಹುಡುಗಿಯೂ ನಿಮ್ಮ ಕಡೆಯವಳಾ ಅಂತ ಕೇಳಿದರು. ಹೌದು, ನಮ್ಮೂರ ಹೈವೇಯಲ್ಲೇ ಹೋದರೆ ಅವರ ಊರು ಅಂದೆ. ಅಜ್ಜಿ ಜಪಸರ ಹಿಡಿದಿದ್ದ ಕೈಯಲ್ಲೇ ನನ್ನ ಕೈ ಹಿಡಿದುಕೊಂಡು ಅತ್ತರು. ನಾನೂ ಅತ್ತೆ. ಇಬ್ಬರೂ ಕ್ಯಾಥೊಲಿಕ್, ಇಬ್ಬರಿಗೂ ಗರ್ಭಪಾತ ತಪ್ಪು ಅಂತಲೇ ನಂಬಿಕೆ. ಆದರೂ ಆ ಸಾವು ಸರಿ ಅಂತ ಇಬ್ಬರಿಗೂ ಅನ್ನಿಸಲಿಲ್ಲ.

ತಾಯಿಯ ಜೀವಕ್ಕಿಂತ ಗರ್ಭದ ಮಗುವಿನ ಜೀವ ಹೆಚ್ಚು ಅಂತ ಕ್ಯಾಥೊಲಿಕ್ ಧರ್ಮಸಭೆ ಎಂದೂ ಕಲಿಸಿಲ್ಲ. ಇದನ್ನು ಇಲ್ಲಿನ ಬಿಷಪ್ಪರುಗಳೇ ಆ ನವೆಂಬರಿನಲ್ಲಿ ಹೇಳಿಕೆ ಕೊಟ್ಟು ಹೇಳಿದರು. ಮಗುವನ್ನು ಕೊಲ್ಲಬೇಕು ಅಂತಲೇ ಮಾಡುವ ಕೆಲಸ ಬೇಡ, ತಾಯಿಯ ರೋಗಕ್ಕೆ ಕೊಡಲೇಬೇಕಾದ ಚಿಕಿತ್ಸೆಯಿಂದ ಮಗು ಉಳಿಯದೇ ಹೋದರೆ ಅದು ಬೇರೆ. ನಮ್ಮ ಮನೆಯಲ್ಲೇ ಇದು ನಡೆದಿದೆ. ಅಪ್ಪ ಕ್ಯಾಥೊಲಿಕ್, ಅಮ್ಮ ಹುಬ್ಬಳ್ಳಿ ಕಡೆಯ ಪ್ರೊಟೆಸ್ಟೆಂಟ್, ಸಿಎಸ್‌ಐ ಚರ್ಚಿನ ಬಾಸೆಲ್ ಮಿಷನ್ನಿನವರು. ಚಿಕ್ಕಮ್ಮನಿಗೆ ಗರ್ಭಕೋಶದ ಬದಲು ಪಕ್ಕದ ನಳಿಕೆಯಲ್ಲಿ ಗರ್ಭ ನಿಂತಾಗ, ನಳಿಕೆ ತೆಗೆಯಲೇಬೇಕು ಅಂದರು ಡಾಕ್ಟರ್. ಫಾದರ್ ಅವರನ್ನು ಕೇಳಿದರೆ ತಡ ಮಾಡಬೇಡಿ ಅಂದರು. ಅಮ್ಮನ ಚರ್ಚಿನ ಸಭಾಪಾಲಕರೂ ಅದನ್ನೇ ಅಂದರು. ಅವತ್ತು ಮನೆಯಲ್ಲಿ ಎರಡು ಚರ್ಚಿನ ಜಗಳ ಏನೂ ಆಗಲಿಲ್ಲ.

ಜಗಳ ಇರುವುದು ಅದರಾಚೆ. ಕ್ಯಾಥೊಲಿಕ್ಕರಿಗೂ ಆರ್ಥೊಡಾಕ್ಸ್‌ನವರಿಗೂ ಬೇಕಂತಲೇ ಮಾಡುವ ಗರ್ಭಪಾತ ಸಲ್ಲದು. ಚರ್ಚ್ ಆಫ್ ಇಂಗ್ಲೆಂಡ್ ಬಲವಾಗಿ ವಿರೋಧಿಸಿದರೂ, ಕೆಲವೇ ಕೆಲವು ಸಂದರ್ಭಗಳಲ್ಲಿ ಬೇರೆ ದಾರಿಗಿಂತ ಅದು ವಾಸಿ ಇರಬಹುದು ಅನ್ನುತ್ತದೆ. ಕೆನಡಾದ ಯುನೈಟೆಡ್ ಚರ್ಚ್, ಅಮೆರಿಕದ ಒಂದು ದೊಡ್ಡ ಪ್ರೆಸ್ಬಿಟೇರಿಯನ್ ಸಭೆ, ತೀರ್ಮಾನ ಆ ಹೆಣ್ಣಿಗೇ ಬಿಡಬೇಕು ಅನ್ನುತ್ತವೆ. ಎಲ್ಲರ ಕೈಯಲ್ಲೂ ಅದೇ ಬೈಬಲ್. ಯಾರ ಮಾತು ಕೇಳಲಿ ಅಂದೆಯಲ್ಲ, ನೀನು ಬೆಳೆದ ಚರ್ಚಿನ ಮಾತನ್ನು ಮೊದಲು ಪೂರ್ತಿ ತಿಳಿದುಕೋ. ಧರ್ಮೋಪದೇಶದ ಕ್ಲಾಸಿನಲ್ಲಿ ಕೇಳಿದ 'ಪಾಪ' ಅನ್ನುವಷ್ಟೇ ಸಾಲದು, ನೀನು ನರ್ಸ್.

ಬಲವಂತದ ವಿಷಯ. 2018ರ ಮೇ 25ರಂದು ಇಲ್ಲಿ ಜನಮತ ಆಯಿತು, 66.4 ಶೇಕಡಾ ಜನ ಹಳೆಯ ನಿಷೇಧ ತೆಗೆಯಿರಿ ಅಂದರು. 2019ರ ಜನವರಿಯಿಂದ 12 ವಾರದವರೆಗೆ ಅನುಮತಿ ಇದೆ, ಮೂರು ದಿನ ಕಾಯಬೇಕು. ಅದೇ ಕಾಯ್ದೆ ಡಾಕ್ಟರ್, ನರ್ಸ್, ಮಿಡ್‌ವೈಫ್ ಯಾರಿಗೂ ಮನಸ್ಸಾಕ್ಷಿ ಒಪ್ಪದಿದ್ದರೆ ಮಾಡಬೇಕಾಗಿಲ್ಲ ಅನ್ನುತ್ತದೆ. ನಾನು ಯಾವತ್ತೂ ಅದರಲ್ಲಿ ಭಾಗವಹಿಸಿಲ್ಲ, ಅದಕ್ಕಾಗಿ ಯಾರೂ ನನ್ನನ್ನು ಕೀಳಾಗಿ ನೋಡಿಲ್ಲ. ಆದರೆ ಸೇರುವಾಗಲೇ ಮ್ಯಾನೇಜರಿಗೆ ಬರೆದು ಕೊಡು. ರೋಗಿ ಮಂಚದ ಮೇಲೆ ಮಲಗಿರುವಾಗ ಹೇಳುವ ಮಾತಲ್ಲ ಅದು. ತಾಯಿಯ ಜೀವಕ್ಕೆ ಅಪಾಯ ಇರುವ ತುರ್ತಿನಲ್ಲಿ ಈ ವಿನಾಯಿತಿ ಇಲ್ಲ. ಗರ್ಭಪಾತದ ಮಾತ್ರೆ ತಗೊಂಡು ರಕ್ತ ಹೋಗುತ್ತಾ ಬಂದವಳ ಬಿಪಿ ನೋಡುವುದು, ಪ್ಯಾಡ್ ಬದಲಿಸುವುದು, ಬಿಸಿ ಟೀ ತಂದುಕೊಡುವುದು ನಿನ್ನ ಕೆಲಸವೇ. ಅವಳ ಎದುರು ಮುಖ ಗಂಟು ಹಾಕಬೇಡ. ಊರಲ್ಲಿ 'ತೆಗೆಸಿಕೊಂಡು ಬಂದಳು' ಅಂತ ವಾರ್ಡಿನ ಮೂಲೆಯಲ್ಲಿ ಪಿಸುಗುಡುತ್ತಾರಲ್ಲ, ಆ ಅಭ್ಯಾಸ ಅಲ್ಲೇ ಬಿಟ್ಟು ಬಾ.

ದಯಾಮರಣ ಇಲ್ಲಿ ಇಲ್ಲ. ಸಾಯಲು ನೆರವಾದರೆ 1993ರ ಕಾಯ್ದೆ ಪ್ರಕಾರ 14 ವರ್ಷದವರೆಗೆ ಜೈಲು. ಕೆಲವು ಸಂದರ್ಭಕ್ಕೆ ಬಿಡಬಹುದು ಅಂತ 2024ರಲ್ಲಿ ಸಂಸತ್ತಿನ ಸಮಿತಿ ಶಿಫಾರಸು ಮಾಡಿದೆ. ನಮ್ಮ ಹುಡುಗಿಯರು ಇಲ್ಲಿಂದ ಕೆನಡಾಕ್ಕೆ ಹೋಗುತ್ತಾರೆ, ಅಲ್ಲಿ 2016ರಿಂದ ಇದೆ. ಚರ್ಚುಗಳಲ್ಲಿ ಹೆಚ್ಚಿನವು ವಿರೋಧವೇ. ಆದರೂ ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಂಥವರು, ಕ್ಯಾಂಟರ್ಬರಿಯ ಮಾಜಿ ಆರ್ಚ್‌ಬಿಷಪ್ ಜಾರ್ಜ್ ಕೇರಿ, ಇಬ್ಬರೂ 2014ರಲ್ಲಿ ಪರವಾಗಿ ಮಾತಾಡಿದರು. ನನಗೆ ಒಪ್ಪಿಗೆ ಇಲ್ಲ. ಡಬ್ಲಿನ್ನಿನ ಹೆರಾಲ್ಡ್ಸ್ ಕ್ರಾಸಿನಲ್ಲಿ ಕನ್ಯಾಸ್ತ್ರೀಯರು 1879ರಲ್ಲೇ ಸಾಯುವವರಿಗಾಗಿ ಒಂದು ಆಸ್ಪತ್ರೆ ಶುರು ಮಾಡಿದರು. ನೋವಿಗೆ ಔಷಧಿ, ಪಕ್ಕದಲ್ಲಿ ಒಬ್ಬರು, ಇಷ್ಟಿದ್ದರೆ ಬೇಗ ಮುಗಿಸಿ ಅನ್ನುವವರು ಕಡಿಮೆಯಾಗುತ್ತಾರೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಹಳದೀಪುರದ ಅರುಣಾ ಶಾನಭಾಗ, ನಮ್ಮ ವೃತ್ತಿಯವರೇ, 1973ರಿಂದ 2015ರವರೆಗೆ ಹಲ್ಲೆಗೊಳಗಾಗಿ ಎಚ್ಚರ ಇಲ್ಲದೆ ಮುಂಬೈ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಲ್ಲಿನ ನರ್ಸುಗಳು ಅವರನ್ನು ಹೇಗೆ ನೋಡಿಕೊಂಡರು ಅನ್ನುವುದನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಆದರೆ ದಯಾಮರಣ ಬೇರೆ, ಸಾಯುತ್ತಿರುವವರನ್ನು ಸಾಯಲು ಬಿಡುವುದು ಬೇರೆ. ಇದನ್ನು ನಮ್ಮ ಮನೆ ಬಹಳ ನೋವಿನಲ್ಲಿ ಕಲಿಯಿತು. ಅಪ್ಪ ದಾವಣಗೆರೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದರು. ಕಿಡ್ನಿ ನಿಂತಿತ್ತು. ಇನ್ನು ಏನೂ ಆಗಲ್ಲ, ಮೆಷಿನ್ ತೆಗೆಯಬೇಕಾ ಹೇಳಿ ಅಂದರು ಡಾಕ್ಟರ್. ತಮ್ಮ ಫೋನ್ ಮಾಡಿ, 'ಅಕ್ಕಾ, ತೆಗಿ ಅಂದ್ರೆ ನಾವೇ ಕೊಂದಂಗಲ್ವಾ?' ಅಂದ. ಅತ್ತೆ ಪಾಪ ಅಂದರು. ಮಾವ ಇನ್ನೂ ಪ್ರಾರ್ಥನೆ ಮಾಡೋಣ, ದೇವರು ಎಬ್ಬಿಸುತ್ತಾನೆ ಅಂದರು. ವಿಡಿಯೋ ಕಾಲಿನಲ್ಲಿ ತಮ್ಮ ಅಪ್ಪನ ಕೈ ತೋರಿಸಿದ. ನಳಿಕೆ ಕಿತ್ತುಕೊಳ್ಳದಿರಲಿ ಅಂತ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿ ಮಂಚದ ಕಂಬಿಗೆ ಕಟ್ಟಿದ್ದರು. ಬಾತಿದ್ದ ಬೆರಳುಗಳು ಆಗಾಗ ಏನನ್ನೋ ಹುಡುಕುವ ಹಾಗೆ ಮಡಚುತ್ತಿದ್ದವು. ನಮಗಾರಿಗೂ ಹೂಂ ಅನ್ನುವ ಧೈರ್ಯ ಬರಲಿಲ್ಲ, ಅಪ್ಪನಿಗೆ ಏನು ಬೇಕಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಗೇ ದಿನ ಕಳೆದವು. ಅಪ್ಪ ಹೋದಾಗ ಅಮ್ಮ ಗಾಜಿನ ಬಾಗಿಲ ಹೊರಗಿದ್ದರು.

ಆಮೇಲೆ ಮನೆಗೆ ಬಂದ ಫಾದರ್ ಹೇಳಿದರು: ಫಲ ಕೊಡದ, ಬರೀ ಹಿಂಸೆ ಕೊಡುವ ಚಿಕಿತ್ಸೆ ನಿಲ್ಲಿಸುವುದು ಕೊಲೆ ಅಲ್ಲ, 1957ರಲ್ಲೇ ಹನ್ನೆರಡನೇ ಪಯಸ್ ಪೋಪ್ ಡಾಕ್ಟರುಗಳಿಗೆ ಇದನ್ನು ಹೇಳಿದ್ದಾರೆ ಅಂತ. ಅಮ್ಮ ಸುಮ್ಮನೆ ಕೇಳಿಸಿಕೊಂಡರು. ಈ ಮಾತು ಮೊದಲೇ ಗೊತ್ತಿದ್ದಿದ್ದರೆ ಅಮ್ಮ ಅಪ್ಪನ ಕೈ ಹಿಡಿದು ಕೂತಿರುತ್ತಿದ್ದರು. ಎಷ್ಟೋ ಐರಿಷ್ ಮನೆಯವರ ಪಕ್ಕ ಕೂತು ನಾನು ಇದೇ ಮಾತಾಡಿದ್ದೇನೆ. ನಮ್ಮ ಮನೆಯಲ್ಲಿ ಮಾತಾಡಲು ಆಗದೇ ಹೋದ ಸಂಕಟ ಹೋಗುವುದಿಲ್ಲ ತಂಗಿ.

ಅದಕ್ಕೇ ನಿನಗೆ ಒಂದು ಕೆಲಸ ಹೇಳುತ್ತೇನೆ, ಟಿಕೆಟ್ ಬುಕ್ ಮಾಡುವ ಮುಂಚೆ ಮಾಡು. ಒಂದು ಭಾನುವಾರ ಪೂಜೆ ಮುಗಿಸಿಕೊಂಡು ಬಂದು ಅಪ್ಪ ಅಮ್ಮನ ಜೊತೆ ಕೂತು, ಅಂಥ ಸ್ಥಿತಿ ಬಂದರೆ ನಿಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಕೇಳು. ಅಪಶಕುನದ ಮಾತು ಅಂತ ಬೈಯುತ್ತಾರೆ, ಬೈಯಲಿ. ಮನೆಯಲ್ಲಿ ಉಳಿಯುವ ಅಣ್ಣ ತಮ್ಮ ಅಕ್ಕ ತಂಗಿ ಯಾರಿದ್ದರೂ ಎದುರಿಗಿರಲಿ. ಅವರು ಹೇಳಿದ್ದನ್ನು ಮೊದಲೇ ಬರೆದಿಡಬಹುದು, ಲಿವಿಂಗ್ ವಿಲ್ ಅನ್ನುತ್ತಾರೆ. ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಒಪ್ಪಿದೆ, 2023ರಲ್ಲಿ ಸುಲಭ ಮಾಡಿದೆ. ಇಬ್ಬರು ಸಾಕ್ಷಿ ಮುಂದೆ ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಹತ್ತಿರ ಸಹಿ ಮಾಡಿಸಿದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಆದೇಶ ಹೊರಡಿಸಿತು, ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ನಮ್ಮ ದಾವಣಗೆರೆಯ ಕರಿಬಸಮ್ಮ ಟೀಚರ್ ಒಬ್ಬರು. ಬರೆಯುವ ಮುಂಚೆ ನಿಮ್ಮ ಫಾದರ್ ಅವರಿಗೂ ತೋರಿಸಿ, ಯಾವುದನ್ನು ನಿಲ್ಲಿಸಬಹುದು, ಯಾವುದನ್ನು ನಿಲ್ಲಿಸಬಾರದು ಅಂತ ಕೇಳಿಕೊಳ್ಳಿ. ಊಟ ನೀರು ಕೊಡುವ ನಳಿಕೆ ವಿಷಯದಲ್ಲಿ ನಮ್ಮ ಚರ್ಚು ಬಿಗಿ. ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದರ ಫೋಟೋ ನಿನ್ನ ಫೋನಿನಲ್ಲಿರಲಿ, ಮಧ್ಯರಾತ್ರಿ ಊರಿಂದ ಕರೆ ಬಂದರೆ ಅದನ್ನು ತೆಗೆದು ಓದಿ ಹೇಳಬಹುದು.