ಓದುಗರ ಪ್ರಶ್ನೆ: ಲಡಾಖಿನ ಬಿಸಿಲು, ಚಳಿ, ನೀರು

ಪ್ರಶ್ನೆ: ಎತ್ತರಕ್ಕೆ ಹೋದಷ್ಟೂ ಸೂರ್ಯನಿಗೆ ಹತ್ತಿರವಾಗುತ್ತೇವಲ್ಲ, ಮತ್ತೆ ಲೇಹ್‌ನಲ್ಲಿ ಅಷ್ಟೊಂದು ಚಳಿ ಏಕೆ? ಬಿಸಿಲಿಗೆ ನಿಂತರೆ ಮೈ ಸುಡುತ್ತದೆ, ನೆರಳಿಗೆ ಸರಿದರೆ ನಡುಕ ಹುಟ್ಟುತ್ತದೆ ಎನ್ನುವುದು ನಿಜವೇ? – ದಾವಣಗೆರೆಯಿಂದ

ಉತ್ತರ: ನಿಜ. ಸೂರ್ಯ ಇರುವುದು 15 ಕೋಟಿ ಕಿ.ಮೀ. ಆಚೆ, ಲೇಹ್‌ನ ಮೂರೂವರೆ ಕಿ.ಮೀ. ಎತ್ತರ ಆ ಲೆಕ್ಕಕ್ಕೇ ಬರುವುದಿಲ್ಲ. ಗಾಳಿ ಬಿಸಿಲಿಗೆ ನೇರವಾಗಿ ಕಾಯುವುದು ಕಡಿಮೆ. ಬಿಸಿಲಿಗೆ ನೆಲ ಕಾಯುತ್ತದೆ, ನೆಲದಿಂದ ಗಾಳಿ ಕಾಯುತ್ತದೆ. ಕಾದ ಗಾಳಿ ಮೇಲೇರಿದಂತೆ ಒತ್ತಡ ಇಳಿದು ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ. ಸರಾಸರಿ ಒಂದು ಕಿ.ಮೀ.ಗೆ 6.5 ಡಿಗ್ರಿ ಸೆಲ್ಸಿಯಸ್ ಇಳಿಕೆ.

ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟೇ. ಆ ತೆಳು ಗಾಳಿಯಲ್ಲಿ ನೀರಾವಿಯೂ ಬಹಳ ಕಡಿಮೆ. ಹಾಗಾಗಿ ಹಗಲು ಬಿಸಿಲು ಸೋಸದೆ ಬೀಳುತ್ತದೆ, ರಾತ್ರಿ ನೆಲದ ಕಾವು ತಡೆಯಿಲ್ಲದೆ ಆಕಾಶಕ್ಕೆ ಹೋಗಿಬಿಡುತ್ತದೆ. ಮಂಗಳೂರಿನಲ್ಲಿ ರಾತ್ರಿಯೂ ಸೆಕೆ ಬಿಡದಿರುವುದಕ್ಕೆ ಇದರ ತದ್ವಿರುದ್ಧ ಕಾರಣ: ಅಲ್ಲಿನ ನೀರಾವಿ ಕಾವನ್ನು ಹಿಡಿದಿಡುತ್ತದೆ. ಪ್ರತಿ 1000 ಮೀಟರಿಗೆ ನೇರಳಾತೀತ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಚಳಿ ಇದೆಯೆಂದು ಕೂಲಿಂಗ್ ಗ್ಲಾಸ್, ಸನ್‌ಸ್ಕ್ರೀನ್ ಬಿಟ್ಟು ಹೋಗಬೇಡಿ. ಹಿಮದ ಮೇಲೆ ಓಡಾಡುವುದಿದ್ದರೆ ಕಣ್ಣಿಗೆ ಇನ್ನೂ ಅಪಾಯ.

ಇದೇ ಒಣ ಗಾಳಿ ಖಗೋಳ ವಿಜ್ಞಾನಿಗಳಿಗೆ ವರ. ನೀರಾವಿ ಅವಕೆಂಪು ಕಿರಣಗಳನ್ನು ನುಂಗುತ್ತದೆ, ಅದಿಲ್ಲದ ಕಡೆ ಆಕಾಶ ನಿಚ್ಚಳ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ 2 ಮೀಟರ್ ಅಗಲದ ಕನ್ನಡಿಯ ತನ್ನ ದೂರದರ್ಶಕವನ್ನು ಲಡಾಖಿನ ಸುಮಾರು 4500 ಮೀಟರ್ ಎತ್ತರದ ಹಾನ್ಲೆಯಲ್ಲಿ ಇಟ್ಟಿರುವುದು ಇದಕ್ಕೇ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ.

ಪ್ರಶ್ನೆ: ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆ ಬೀಳುವ ಊರಲ್ಲಿ ಬೇಸಾಯ ಹೇಗೆ? ಹಿಮಸ್ತೂಪ ಎಂದರೇನು? – ಶಿರಸಿಯಿಂದ

ಉತ್ತರ: ಮುಂಗಾರಿನ ಮೋಡ ಹಿಮಾಲಯದ ದಕ್ಷಿಣ ಮಗ್ಗುಲಲ್ಲೇ ಸುರಿದು ಬರಿದಾಗುತ್ತದೆ, ಲಡಾಖ್ ಮಳೆನೆರಳಿನ ನಾಡು. ಬೇಸಾಯ ನಡೆಯುವುದು ಕರಗಿದ ಹಿಮದ ನೀರಿನಲ್ಲಿ. ತೊಂದರೆ ಇರುವುದು ಏಪ್ರಿಲ್–ಮೇ ತಿಂಗಳಲ್ಲಿ: ಬಾರ್ಲಿ ಬಿತ್ತನೆಗೆ ನೀರು ಬೇಕು, ಮೇಲಿನ ಹಿಮನದಿ ಇನ್ನೂ ಕರಗಿರುವುದಿಲ್ಲ. ಚಳಿಗಾಲದಲ್ಲಿ ವ್ಯರ್ಥ ಹರಿಯುವ ತೊರೆಯನ್ನು ಮಂಜುಗಡ್ಡೆಯಾಗಿ ಕೂಡಿಡುವುದೇ ಲಡಾಖಿನ ಎಂಜಿನಿಯರ್ ಸೋನಮ್ ವಾಂಗ್ಚುಕ್ ಅವರ ಹಿಮಸ್ತೂಪ.

ಮೇಲಿನ ತೊರೆಯಿಂದ ಪೈಪಿನಲ್ಲಿ ನೀರು ತರುತ್ತಾರೆ. ಎತ್ತರದ ಒತ್ತಡಕ್ಕೇ ಅದು ನಿಂತ ಪೈಪಿನ ತುದಿಯಿಂದ ಕಾರಂಜಿಯಾಗಿ ಚಿಮ್ಮುತ್ತದೆ, ಪಂಪು ಬೇಡ. ಶೂನ್ಯಕ್ಕಿಂತ ಬಹಳ ಕೆಳಗಿನ ಚಳಿಯಲ್ಲಿ ಹನಿಗಳು ಬೀಳುತ್ತಲೇ ಹೆಪ್ಪುಗಟ್ಟಿ ಶಂಕುವಿನಾಕಾರ ಬೆಳೆಯುತ್ತದೆ. ಅದೇ ನೀರನ್ನು ಬಯಲಲ್ಲಿ ಹರಡಿ ಹೆಪ್ಪುಗಟ್ಟಿಸಿದರೆ ಬಿಸಿಲಿಗೆ ಬೇಗ ಕರಗುತ್ತದೆ. ಶಂಕುವಿನಲ್ಲಿ ಗಾತ್ರಕ್ಕೆ ಹೋಲಿಸಿದರೆ ಬಿಸಿಲು ತಾಗುವ ಮೈ ಕಡಿಮೆ. ಕೈಕೊಡುವುದು ಸಾಮಾನ್ಯವಾಗಿ ಪೈಪು. ಹರಿವು ನಿಂತರೆ ಒಳಗಿನ ನೀರು ಗಡ್ಡೆಕಟ್ಟುತ್ತದೆ. ಅದಕ್ಕೇ ಪೈಪನ್ನು ಆಳವಾಗಿ ಹೂಳಬೇಕು, ನೀರು ನಿಲ್ಲಿಸುವಾಗ ಪೂರ್ತಿ ಬಸಿದುಬಿಡಬೇಕು.

ಪ್ರಶ್ನೆ: ಅಲ್ಲಿ ಅನ್ನ ಬೇಯುವುದಿಲ್ಲವಂತೆ? – ಮೈಸೂರಿನಿಂದ

ಉತ್ತರ: ತೆರೆದ ಪಾತ್ರೆಯಲ್ಲಿ ಕಷ್ಟ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ; ಉರಿ ಎಷ್ಟು ಹೆಚ್ಚಿಸಿದರೂ ಅದಕ್ಕಿಂತ ಬಿಸಿಯಾಗದು, ನೀರು ಆವಿಯಾಗಿ ಹೋಗುತ್ತದಷ್ಟೆ. ಕುಕ್ಕರ್ ಇದ್ದರೆ ಚಿಂತೆಯಿಲ್ಲ. ಆದರೆ ಕುಕ್ಕರಿನ ಒಳಗೂ ಇಲ್ಲಿಗಿಂತ ನಾಲ್ಕೈದು ಡಿಗ್ರಿ ಕಡಿಮೆಯೇ ಇರುತ್ತದೆ. ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಒಂದೆರಡು ವಿಸಲ್ ಹೆಚ್ಚು ಕೂಗಿಸಿ. ಕಡಲೆ, ಹುರುಳಿಯನ್ನು ರಾತ್ರಿಯೇ ನೆನೆಹಾಕಿ.