ಕೆಲಸ ಸಿಕ್ಕಿತು ಅಂದರೆ ಬಚಾವಾದರು ಅಂತಲ್ಲ

ದಾವಣಗೆರೆಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ನಾಜಿಗಳು ನಡೆಸಿದ ಆಶ್ವಿಟ್ಜ್ ಶಿಬಿರಕ್ಕೆ ರೈಲಿನಲ್ಲಿ ತಂದ ಯಹೂದಿಗಳಲ್ಲಿ ಕೆಲವರನ್ನು ಕೆಲಸಕ್ಕೆ ಆರಿಸಿ ಉಳಿದವರನ್ನು ಕೊಲ್ಲುತ್ತಿದ್ದರು. ಅದರ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ನೀವು ಕೇಳಿದ್ದೀರಿ: "ಕೆಲಸಕ್ಕೆ ಆರಿಸಿಕೊಂಡವರಾದರೂ ಬಚಾವಾದರು ಅಲ್ವಾ? ಅವರಿಗೆ ಕೂಲಿ ಕೊಡುತ್ತಿದ್ದರಾ?"

ಕೂಲಿ ಇತ್ತು. ಆದರೆ ಅದು ಹೋಗುತ್ತಿದ್ದದ್ದು ಶಿಬಿರ ನಡೆಸುತ್ತಿದ್ದ ನಾಜಿಗಳ ಎಸ್‌ಎಸ್‌ ಪಡೆಗೆ. ಐ.ಜಿ. ಫಾರ್ಬೆನ್ ಎಂಬ ದೊಡ್ಡ ಕೆಮಿಕಲ್ ಕಂಪನಿ ಆಶ್ವಿಟ್ಜ್ ಹತ್ತಿರದ ಮೊನೊವಿಟ್ಜ್‌ನಲ್ಲಿ ಕೃತಕ ರಬ್ಬರ್ ಕಾರ್ಖಾನೆ ಕಟ್ಟಿಸುತ್ತಿತ್ತು. ಒಬ್ಬ ಕೈದಿಗೆ ದಿನಕ್ಕೆ 3 ಮಾರ್ಕ್ (ಜರ್ಮನಿಯ ಆಗಿನ ಹಣ), ಕಸುಬು ಗೊತ್ತಿದ್ದರೆ 4 ಮಾರ್ಕ್ ಅಂತ ಎಸ್‌ಎಸ್‌ಗೆ ಕಟ್ಟುತ್ತಿತ್ತು. ದುಡಿದವನ ಕೈಗೆ ಏನೂ ಇಲ್ಲ.

ನಾರ್ಬರ್ಟ್ ವೋಲ್‌ಹೈಮ್ ಅವರ ವಿಷಯ ಹೇಳುತ್ತೇನೆ. 1913ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಯುದ್ಧ ಶುರುವಾಗುವ ಮೊದಲು ಯಹೂದಿ ಮಕ್ಕಳನ್ನು ರೈಲು ಹತ್ತಿಸಿ ಇಂಗ್ಲೆಂಡಿಗೆ ದಾಟಿಸುವ ಕೆಲಸಕ್ಕೆ ಹಗಲು ರಾತ್ರಿ ಓಡಾಡಿದವರು. ಊರವರ ಮಕ್ಕಳನ್ನೆಲ್ಲ ಉಳಿಸಲು ಅಷ್ಟು ಓಡಾಡಿದ ಈ ಮನುಷ್ಯ 1943ರ ಮಾರ್ಚ್‌ನಲ್ಲಿ ಹೆಂಡತಿ ಮತ್ತು 3 ವರ್ಷದ ಮಗನ ಜೊತೆ ಆಶ್ವಿಟ್ಜ್‌ನಲ್ಲಿ ಇಳಿಯಬೇಕಾಯಿತು. ತಾಯಿ, ಮಗು ಇಬ್ಬರನ್ನೂ ನಾಜಿಗಳು ಸಾವಿಗೆ ಕಳಿಸಿದರು, ಇವರನ್ನು ಕೆಲಸಕ್ಕೆ. ಇದನ್ನು ಬಚಾವಾಗುವುದು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸಿಮೆಂಟ್ ಮೂಟೆ ಹೊರಬೇಕು, ಊಟಕ್ಕೆ ನೀರಿನಂಥ ಸೂಪು, ಮೇಲೆ ಚಳಿ, ಏಟು. ತ್ರಾಣ ಹೋದವನನ್ನು ಆಶ್ವಿಟ್ಜ್ ಶಿಬಿರದ ಗ್ಯಾಸ್ ಕೋಣೆಗಳಿದ್ದ ಬಿರ್ಕೆನಾವ್‌ಗೆ ಕಳಿಸಿ ಕೊಲ್ಲುತ್ತಿದ್ದರು, ಅವನ ಜಾಗಕ್ಕೆ ಮುಂದಿನ ರೈಲಿನಿಂದ ಇನ್ನೊಬ್ಬ ಬರುತ್ತಿದ್ದ. ಇನ್ನೊಬ್ಬ ಸಿಗುತ್ತಾನೆ ಅನ್ನುವ ಧೈರ್ಯ ಇದ್ದಾಗ ಇರುವವನಿಗೆ ಯಾರು ಅನ್ನ ಹಾಕುತ್ತಾರೆ ಹೇಳಿ? ಎಷ್ಟೋ ಜನ ಮೂರು ನಾಲ್ಕು ತಿಂಗಳೂ ತಾಳಲಿಲ್ಲ. ವೋಲ್‌ಹೈಮ್ ವೆಲ್ಡಿಂಗ್ ಕಲಿತಿದ್ದರು, ಅದರಿಂದ ಜೀವ ಉಳಿಯಿತು. ಅಷ್ಟು ಜನರನ್ನು ತಿಂದ ಆ ಕಾರ್ಖಾನೆಯಿಂದ ಕೊನೆಗೂ ಒಂದು ತುಂಡು ರಬ್ಬರ್ ಬರಲಿಲ್ಲ.

ಕೂಲಿಯ ಪ್ರಶ್ನೆಯನ್ನು ಅವರೇ ಕೋರ್ಟಿಗೆ ಒಯ್ದರು. 1951ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ, ಒಬ್ಬ ಮನುಷ್ಯ ಅಂಥ ಕಂಪನಿಯ ಎದುರು ನಿಂತದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ತಪ್ಪೆಲ್ಲ ಎಸ್‌ಎಸ್‌ನದು, ನಮ್ಮದಲ್ಲ ಅಂತ ಕಂಪನಿ ವಾದ ಮಾಡಿತು. ಕೋರ್ಟ್ ಒಪ್ಪಲಿಲ್ಲ. 1953ರಲ್ಲಿ ಅವರಿಗೆ 10,000 ಮಾರ್ಕ್ ಕೊಡಬೇಕು ಅಂತ ತೀರ್ಪಾಯಿತು. ಮೇಲ್ಮನವಿ ನಡೆಯುತ್ತಿರುವಾಗಲೇ, 1957ರಲ್ಲಿ ರಾಜಿಯಾಗಿ, ಅಲ್ಲಿ ದುಡಿದು ಬದುಕಿ ಉಳಿದ ಬೇರೆಯವರಿಗೂ ಸೇರಿಸಿ 3 ಕೋಟಿ ಮಾರ್ಕ್ ಕೊಡಲು ಕಂಪನಿ ಒಪ್ಪಿತು.

ಫ್ರಾಂಕ್‌ಫರ್ಟ್‌ನಲ್ಲಿ ಆ ಕಂಪನಿಯ ಮುಖ್ಯ ಕಚೇರಿ ಇದ್ದ ಕಟ್ಟಡದಲ್ಲಿ ಈಗ ವಿಶ್ವವಿದ್ಯಾಲಯ ನಡೆಯುತ್ತಿದೆ. ಅದೇ ಆವರಣದ ಒಂದು ಪುಟ್ಟ ಮನೆಯನ್ನು ವೋಲ್‌ಹೈಮ್ ಸ್ಮಾರಕ ಮಾಡಿದ್ದಾರೆ. ಬಾಗಿಲ ಮೇಲೆ ಬರೆದಿರುವುದು ಅವರ ಕೈದಿ ನಂಬರ್: 107984.

– ಸಂಪಾದಕ